ಅತ್ತೆ, ಅಳಿಯ, ನಡುವೆ ಒಂದು ಬೂದಿ ಮೊಲ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಚಹಾ ನೆನಪಾಗಿ ಎದ್ದಿದ್ದೇನೆ, ಕನ್ನಡಕ ಒರೆಸಿದ್ದೇನೆ. ಒಮ್ಮೆಯಂತೂ ಮನೆಯ ಗಡಿಯಾರಕ್ಕೆಲ್ಲ ಹೊಸ ಸೆಲ್ ಹಾಕಿ, ನೆರೆಮನೆಯವರ ಗಡಿಯಾರಕ್ಕೂ ಹಾಕಿಕೊಟ್ಟು ಬಂದಿದ್ದೇನೆ. ಹೆಂಡತಿ ನೋಡಿ ನೋಡಿ, "ಅಷ್ಟ ಕಠಿಣ ಇದ್ರ ಬಿಡ್ರಿ, ಯಾರ್ ಕೇಳ್ಯಾರ ನಿಮಗ?" ಎಂದಳು. ಯಾರೂ ಕೇಳಿಲ್ಲ ನಿಜ. ಕೇಳುವ ಹಕ್ಕಿದ್ದವರೊಬ್ಬರು ಕೇಳದೆಯೇ ಹೋಗಿಬಿಟ್ಟರು. ಅದಕ್ಕೇ ಬರೆಯಬೇಕಾಗಿದೆ.

ವಿಷಯ ಮೊಲಗಳದ್ದು. ನಗಬೇಡಿ ಎಂದು ಹೇಳುವುದಿಲ್ಲ. ನಾನೂ ನೆನೆಸಿಕೊಂಡಾಗ ಮೊದಲು ನಗುತ್ತೇನೆ. ನಾಚಿಕೆ ಆಮೇಲೆ ಬರುತ್ತದೆ.

ಆಗ ನಾನು ಬೀದರದ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಮೈಕಿನಲ್ಲಿ ಕೂಗುವ ಕೆಲಸದಲ್ಲಿದ್ದೆ. ಎಸ್ಸೆಸ್ಸೆಲ್ಸಿ ಓದಿದ್ದೆ, ಗಂಟಲು ದಪ್ಪಗಿತ್ತು, ಆ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಬರಗಾಲದ ವರ್ಷಗಳವು. ಹೈದರಾಬಾದಿನ ಬಸ್ಸಿಗೆ, ಪುಣೆಯ ಬಸ್ಸಿಗೆ ಜನ ಗಂಟುಮೂಟೆ, ಕೊಡ, ತವೆ, ಕೈಕೂಸು ಎಲ್ಲವನ್ನೂ ಹೊತ್ತು ಬರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ನಾನು ಇಡೀ ಜಿಲ್ಲೆಯ ಜನರೊಂದಿಗೆ ಗಟ್ಟಿಯಾಗಿ ಮಾತಾಡುತ್ತಿದ್ದೆ. ಮನೆಗೆ ಬಂದರೆ ಒಬ್ಬರೊಂದಿಗೆ ಮಾತ್ರ ಒಂದಕ್ಷರ ಆಡುವಂತಿರಲಿಲ್ಲ.

ಅವರು ನನ್ನ ಅತ್ತೆ. ನಮ್ಮ ಕಡೆ, ಅದರಲ್ಲೂ ಹಳೆಯ ಕಾಲದವರಲ್ಲಿ, ಅತ್ತೆ ಅಳಿಯನ ಎದುರಿಗೆ ಬರುವುದಿಲ್ಲ. ಬಂದರೂ ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆ ಹಿಡಿದು ಸರಿದುಹೋಗುತ್ತಾರೆ. ನೇರ ಮಾತಂತೂ ಇಲ್ಲವೇ ಇಲ್ಲ. ಮದುವೆಯಾಗಿ ವರ್ಷಗಳಾಗಿದ್ದರೂ ಸಂತಪುರದ ಆ ಮನೆಯಲ್ಲಿ ನಾನು ಅವರ ಬಳೆಯ ಸದ್ದು ಕೇಳಿದ್ದೆ, ಅವರು ಬಡಿದ ರೊಟ್ಟಿ ತಿಂದಿದ್ದೆ, ಮುಖ ಸರಿಯಾಗಿ ನೋಡಿರಲಿಲ್ಲ.

ಆ ವರ್ಷ ಸಂತಪುರದ ಸುತ್ತ ಹುಲ್ಲು ಕಡ್ಡಿ ಉಳಿಯಲಿಲ್ಲ. ಮಾವನವರು ತಮ್ಮ ಗಂಡುಮಕ್ಕಳನ್ನು ಕರೆದುಕೊಂಡು, ಕುರಿ ಹೊಡೆದುಕೊಂಡು, ಉದಗೀರದ ಆಚೆ ಗೋದಾವರಿಯ ಕಡೆ ಹೊರಟರು. ಅತ್ತೆಯವರಿಗೆ ಮೊಣಕಾಲು ನೋವು. ಕುರಿಯ ಹಿಂದೆ ನಡೆಯುವುದು ಆಗದ ಮಾತು. ಬೀದರದ ಮೈಲೂರಿನಲ್ಲಿರುವ ಮಗಳ ಮನೆಗೆ ಹೋಗು ಎಂದರು. ಅವರು ಒಪ್ಪಲಿಲ್ಲ. ಮಗಳ ಮನೆಯಲ್ಲಿ ಕೂತು ಉಣ್ಣುವುದೆಂದರೆ ಅವರ ಪಾಲಿಗೆ ಭಿಕ್ಷೆಗೆ ಹೋದಂತೆ.

ಕೊನೆಗೆ ಅವರನ್ನು ಒಪ್ಪಿಸಿದ್ದು ಮೊಲಗಳು. ಬರಗಾಲಕ್ಕೆ ಆಧಾರವಾಗಲಿ ಎಂದು ಯಾರೋ ಆ ಕಡೆ ಮನೆಗೆರಡು ದೊಡ್ಡ ಜಾತಿಯ ಮೊಲ ಹಂಚಿದ್ದರು. ಹಂಚಿದವರ ಲೆಕ್ಕದಲ್ಲಿ ಅವು ತಿಂದು ದಪ್ಪವಾಗಿ, ಮರಿ ಹಾಕಿ, ಮಾಂಸಕ್ಕೆ ಮಾರಾಟವಾಗಿ ಕುಟುಂಬವನ್ನು ಮೇಲೆತ್ತಬೇಕಿತ್ತು. ಅತ್ತೆಯವರ ಪಾಲಿಗೆ ಬಂದ ಎರಡೂ ಹೆಣ್ಣು. ಹಾಗಾಗಿ ಮೊದಲನೆಯ ಕೆಲಸವನ್ನಷ್ಟೇ ಅವು ಶ್ರದ್ಧೆಯಿಂದ ಮಾಡಿದವು.

ಬಂದ ಮೊದಲ ದಿನ ಅಡಿಗೆಮನೆಯಲ್ಲಿ ಅವರು ಮಗಳಿಗೆ ಹೇಳಿದ್ದು ಪರದೆಯ ಈಚೆ ನನಗೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದರು.

"ನೋಡವ್ವ, ನಾ ಉಣ್ಣಾಕ ಬಂದಿಲ್ಲ. ಊರಾಗ ಜನ ಕಮ್ಮಿ ಆಗಿ ನಾಯಿ ಹೆಚ್ಚಾಗ್ಯಾವ. ಈ ಮೊಲಾ ಉಳೀಬೇಕಂದ್ರ ಬಾಗಲಾ ಇದ್ದ ಮನಿ ಬೇಕು. ಮೊಲದ ಸಲುವಾಗಿ ಬಂದೀನಿ. ಮೊಲಾ ಇರೋತನಾ ಇರ್ತೇನಿ."

"ಹೂಂ ಅವ್ವ, ಮೊಲದ ಸಲುವಾಗೇ ಇರು," ಎಂದಳು ನನ್ನ ಹೆಂಡತಿ. ತಾಯಿಯನ್ನು ಅವಳು ಬಲ್ಲಳು.

ಈ ಮಾತು ನನಗೂ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ. ಆ ಮನೆಯಲ್ಲಿ ಅತ್ತೆಯವರು ತಲೆಯೆತ್ತಿ ಇರಲು ಇದ್ದ ನೆಪ ಆ ಎರಡು ಪ್ರಾಣಿಗಳು ಮಾತ್ರ.

ಅವರು ಬಂದ ಬಸ್ಸಿನ ಕಂಡಕ್ಟರ್ ಆಮೇಲೆ ನನ್ನ ಕಿಟಕಿಗೆ ಬಂದು ಕತೆ ಹೇಳಿದ. ಸಂತಪುರ ಬಿಟ್ಟ ಮೇಲೆ ಬುಟ್ಟಿಯೊಳಗಿಂದ ಒಂದು ತಲೆ ಎದ್ದಿತಂತೆ.

"ನಾ ಕುರಿಮರಿ ಅಂತ ತಿಳದು ಟಿಕೇಟ್ ತಗೀರಿ ಅಂದ್ನಿ. ನಿಮ್ಮ ಅತ್ತಿ ಕೇಳ್ತಾಳ, ಕುರಿ ಕಿವಿ ಹಿಂಗ ಇರ್ತಾವೇನಪ್ಪ ಅಂತ. ಹಂಗಾರ ಕತ್ತೆಮರಿ, ಅಂದ್ನಿ. ಕತ್ತೆ ಆಗಿದ್ರ ನಿನ್ನ ಕೂಡ ಮಾತಾಡ್ತಿತ್ತು ಅಂದ್ಳು. ಬಸ್ಸಿನ ಮಂದಿ ಎಲ್ಲಾ ನಕ್ರು. ಟಿಕೇಟ್ ಬಿಟ್ಟೇ ಬಿಟ್ನಿ."

ಇಷ್ಟು ಮಾತು ಬಲ್ಲವರು ನನ್ನ ಮನೆಯಲ್ಲಿ ಪರದೆಯ ಹಿಂದೆ ಮೂಕರಾಗಿದ್ದಾರೆ ಎಂದು ನನಗೆ ಸೋಜಿಗವಾಯಿತು.

ಮೊಲಗಳ ಬಗ್ಗೆ ಸ್ವಲ್ಪ ಹೇಳಬೇಕು. ಹೊಲದಲ್ಲಿ ಕಾಡುಮೊಲ ನೋಡಿದವರು ಇವನ್ನು ಮೊಲ ಎಂದು ಒಪ್ಪುತ್ತಿರಲಿಲ್ಲ. ಬೂದಿ ಬಣ್ಣದ್ದನ್ನು ಎತ್ತಿಕೊಂಡರೆ ಮಡಿಲಲ್ಲಿ ಹಿಡಿಸದೆ ಹಿಂಗಾಲು ಹೊರಗೆ ಜೋತಾಡುತ್ತಿದ್ದವು. ಕತ್ತಿನ ಕೆಳಗೆ ಮುದುಕಿಯರಿಗಿರುವಂಥ ಜೋಲುಗಲ್ಲ. ಕೂತರೆ ಬಾಡಿಗೆ ವಸೂಲಿಗೆ ಬಂದ ಮಾಲೀಕನಂತೆ ಕೂರುತ್ತಿತ್ತು. ಬಿಳಿಯದು ಇನ್ನೂ ಸ್ವಲ್ಪ ದೊಡ್ಡದು, ಬುದ್ಧಿ ಸ್ವಲ್ಪ ಕಡಿಮೆ. ಮೈಲೂರಿನ ಓಣಿಯಲ್ಲಿ ನಾಯಿ ಬೆಕ್ಕು ಧಾರಾಳವಾಗಿದ್ದುದರಿಂದ ಎರಡೂ ಒಳಗೇ ಇರಬೇಕಿತ್ತು. ಒಳಗೆ ಎಂದರೆ ಒಂದು ಹೊರಕೋಣೆ, ಒಂದು ಅಡಿಗೆಮನೆ, ನಡುವೆ ಹಳೆಯ ಸೀರೆಯ ಪರದೆ.

ಕುರಿ ಸಾಕಿದ ಕೈ ಅತ್ತೆಯವರದು. ಒಂದು ಮೂಲೆಯಲ್ಲಿ ಹಳೆಯ ತಗಡಿನ ತಟ್ಟೆಯಲ್ಲಿ ಬೂದಿ, ಜೋಳದ ಹೊಟ್ಟು ಹರವಿಟ್ಟರು. ಮೊಲಗಳು ಎಲ್ಲ ಕೆಲಸಕ್ಕೂ ಅಲ್ಲಿಗೇ ಹೋದವು, ಮನೆಯಲ್ಲಿ ಒಂದು ಹಿಕ್ಕೆ ಬೇರೆ ಕಡೆ ಬೀಳಲಿಲ್ಲ. ಆ ಒಂದು ವಿಷಯ ಬಿಟ್ಟರೆ ಉಳಿದದ್ದೆಲ್ಲ ಅವುಗಳ ಇಷ್ಟ. ನನ್ನ ಚಪ್ಪಲಿಯ ಪಟ್ಟಿ ತಿಂದವು. ರೇಡಿಯೋದ ವೈರು ತಿಂದವು, ಹಾಗಾಗಿ ಮಳೆ ಬರುವುದಿಲ್ಲ ಎಂಬ ಸುದ್ದಿ ಕೇಳುವುದು ತಪ್ಪಿತು. ಗೋಡೆಗೆ ತೂಗು ಹಾಕಿದ್ದ ಕ್ಯಾಲೆಂಡರನ್ನು ಬಿಳಿ ಮೊಲ ಹಿಂಗಾಲ ಮೇಲೆ ನಿಂತು ತಲುಪುವಷ್ಟು ಎತ್ತರದವರೆಗೆ ತಿಂದಿತು. ಆ ವರ್ಷ ನಮ್ಮ ಮನೆಯಲ್ಲಿ ಯಾವ ತಿಂಗಳಿಗೂ ಕೊನೆಯ ವಾರ ಇರಲಿಲ್ಲ.

ಅವುಗಳ ಮೇವಿಗೆ ನಾನು ಡ್ಯೂಟಿ ಮುಗಿಸಿ ಕಾಯಿಪಲ್ಯದ ಮಾರ್ಕೆಟ್ಟಿಗೆ ಹೋಗಿ, ಬಿಸಾಡಿದ ಕೋಸಿನ ಎಲೆ, ಮೂಲಂಗಿ ಸೊಪ್ಪು ಆರಿಸಿ ಚೀಲಕ್ಕೆ ತುಂಬುತ್ತಿದ್ದೆ. ಅಲ್ಲಿ ಕೂರುತ್ತಿದ್ದ ಮುದುಕಿಯೊಬ್ಬಳು ಒಂದು ವಾರ ಸುಮ್ಮನೆ ನೋಡಿ, ಆಮೇಲೆ ಎರಡು ಒಳ್ಳೆಯ ಬದನೆಕಾಯಿ ಚೀಲಕ್ಕೆ ಹಾಕಿದಳು.

"ಮಕ್ಕಳಿಗಿ ಬರೇ ಎಲಿ ತಿನ್ನಿಸಬ್ಯಾಡ್ರಿ. ಬಸ್‌ಸ್ಟ್ಯಾಂಡಿನ್ಯಾಗ ಪಗಾರ ಆಗಿಲ್ಲೇನ್ರಿ?"

ಮನೆಯಲ್ಲಿ ಮೊಲ ಇವೆ ಎನ್ನಲು ನಾಚಿಕೆಯಾಯಿತು. ಆಗಿಲ್ಲ ಎಂದುಬಿಟ್ಟೆ.

ಹೆಂಡತಿ ಅಂಗನವಾಡಿಗೆ ಹೋಗುತ್ತಿದ್ದಳು. ನನಗೆ ಮಧ್ಯಾಹ್ನದ ಪಾಳಿ ಇದ್ದ ವಾರ ಬೆಳಗಿನ ಹೊತ್ತು ಮನೆಯಲ್ಲಿ ಅತ್ತೆ ಅಳಿಯ ಇಬ್ಬರೇ. ನಾನು ಹೊರಕೋಣೆಯಲ್ಲಿ, ಅವರು ಪರದೆಯ ಹಿಂದೆ. ಒಳಗೆ ನೀರು ಕುಡಿಯಬೇಕೆಂದರೆ ನಾನು ಕೆಮ್ಮಬೇಕು, ಅವರು ಹಿತ್ತಲಿಗೆ ಸರಿಯಬೇಕು. ಒಂದು ವಾರ ನಾನು ಕೆಮ್ಮಿದ್ದು ನೋಡಿ ಓಣಿಯವರು ಕ್ಷಯದ ಆಸ್ಪತ್ರೆಗೆ ತೋರಿಸಿಕೋ ಎಂದರು.

ಒಂದು ಬೆಳಿಗ್ಗೆ ಪರದೆಯ ಆಚೆಯಿಂದ ಧ್ವನಿ ಬಂತು.

"ಏ ತಂಗಿ, ನಿಮ್ಮ ಮಾಲಕ್ರಿಗಿ ಹೇಳು, ರೊಟ್ಟಿ ಆರತಾವ ಅಂತ."

ಮನೆಯಲ್ಲಿ ತಂಗಿ ಎನ್ನುವಂಥವರು ಯಾರಿದ್ದಾರೆ ಎಂದು ತಿರುಗಿ ನೋಡಿದೆ. ಪರದೆಯ ಕೆಳಗೆ ಬೂದಿ ಮೊಲ ಕೂತಿತ್ತು, ಹಿಂಭಾಗ ಅಡಿಗೆಮನೆಯಲ್ಲಿ, ತಲೆ ನನ್ನ ಕಡೆ. ಮೂಗು ಅಲ್ಲಾಡಿಸುತ್ತಿತ್ತು. ಹೇಳಿ ಮುಗಿಸಿದೆ ಎನ್ನುವ ಹಾಗಿತ್ತು.

ನಾನೂ ಅದನ್ನೇ ನೋಡಿ, "ಬಂದ್ನಿ ಅಂತ ಹೇಳ್ರಿ," ಎಂದೆ.

ರೀತಿ ಮುರಿಯಲಿಲ್ಲ. ಅವರು ಅಳಿಯನೊಂದಿಗೆ ಮಾತಾಡಿರಲಿಲ್ಲ, ನಾನು ಅತ್ತೆಯೊಂದಿಗೆ ಮಾತಾಡಿರಲಿಲ್ಲ. ಇಬ್ಬರೂ ಮೊಲದೊಂದಿಗೆ ಮಾತಾಡಿದ್ದೆವು. ಅವರು ಅದನ್ನು ತಂಗಿ ಎನ್ನುತ್ತಿದ್ದರು. ನಾನು ರೀ ಹಚ್ಚಿ ಮಾತಾಡಿಸುತ್ತಿದ್ದೆ, ಯಾಕೆಂದರೆ ಮಾತು ತಲುಪಬೇಕಾದದ್ದು ಹಿರಿಯರಿಗೆ. ಏಕವಚನದಲ್ಲಿ ಹೇಳಿದರೆ ದಾರಿಯಲ್ಲಿ ಅದನ್ನು ಬಹುವಚನ ಮಾಡುವಷ್ಟು ತಿಳಿವಳಿಕೆ ಮೊಲಕ್ಕಿದೆ ಎಂಬ ನಂಬಿಕೆ ನನಗಿರಲಿಲ್ಲ.

ದಿನ ಕಳೆದಂತೆ ಮಾತು ಬೆಳೆಯಿತು. ಉದಗೀರದ ಕಡೆಯ ಬಸ್ಸಿನ ಡ್ರೈವರುಗಳು ದಾರಿಯಲ್ಲಿ ನಮ್ಮ ಮಾವನವರ ಕುರಿ ಕಂಡರೆ ಕಿಟಕಿಗೆ ಬಂದು ಹೇಳುತ್ತಿದ್ದರು. ನಾನು ಬಂದು ಮೊಲಕ್ಕೆ ಹೇಳುತ್ತಿದ್ದೆ.

"ಕುರಿ ನೀರಿನ ಸನಿ ಮುಟ್ಯಾವ ಅಂತ್ರಿ. ಮಾವ್ರು ಛಲೋ ಅದಾರ ಅಂತ್ರಿ."

"ತಂಗಿ, ಕೇಳು, ಕಂಬಳಿ ಹೊತ್ತಿದ್ರೇನು?"

"ಹೊತ್ತಿದ್ರು ಅಂತ್ರಿ."

"ಹಂಗಾರ ಅವ್ರೇ. ಬ್ಯಾಸಗಿ ಬಿಸಲಾಗ ಕಂಬಳಿ ಹೊರೋ ಶಾಣ್ಯಾ ಮತ್ತೊಬ್ಬ ಇಲ್ಲ."

ತೊಂದರೆ ಇಷ್ಟೇ. ಬೂದಿ ಮೊಲಕ್ಕೆ ಬೇಸರ ಬಂದರೆ ಮಾತಿನ ನಡುವೆಯೇ ಎದ್ದು ಮಂಚದ ಕೆಳಗೆ ಹೋಗುತ್ತಿತ್ತು. ಆಗ ಇಬ್ಬರೂ ಥಟ್ಟನೆ ಮೌನ. ನಾನು ಕೊತ್ತಂಬರಿ ಕಡ್ಡಿ ಹಿಡಿದು ನೆಲದ ಮೇಲೆ ಮಂಡಿಯೂರಿ, "ಬರ್ರಿ, ಜರಾ ಬರ್ರಿ, ಮಾತು ಅರ್ಧಕ್ಕ ನಿಂತದ," ಎಂದು ಕರೆಯಬೇಕಾಗುತ್ತಿತ್ತು. ಮಾವನವರಿಗೆ ಜ್ವರ ಬಂದಿತ್ತು ಎಂಬ ಸುದ್ದಿಯ ದಿನ ಅದು ಜ್ವರ ಎನ್ನುವವರೆಗೆ ಕೂತು, ಇಳಿದಿದೆ ಎನ್ನುವ ಮೊದಲು ಎದ್ದುಹೋಯಿತು. ಪರದೆಯ ಆಚೆ ಬಳೆಗಳು ನಡುಗಿದ್ದು ಕೇಳಿ ನಾನು ಮಂಚದ ಕೆಳಗೆ ಪೂರಾ ನುಗ್ಗಿ, ಅದರ ಕಿವಿಗೆ, "ಇಳದದ್ರಿ, ಇಳದದ್ರಿ," ಎಂದು ಕೂಗಿದೆ. ಮೈಕಿನ ಗಂಟಲು. ಓಣಿಗೆಲ್ಲ ಕೇಳಿತು. ಏನು ಇಳಿಯಿತು ಎಂದು ಪಕ್ಕದ ಮನೆಯವರು ಕೇಳಿಕೊಂಡು ಬಂದರು.

ಇನ್ನೊಂದು ದಿನ ಬೂದಿ ಮೊಲ ಹೊರಕೋಣೆಯಲ್ಲಿ ಕೂತಲ್ಲೇ ಧೊಪ್ಪನೆ ಪಕ್ಕಕ್ಕೆ ಬಿತ್ತು. ಕಾಲು ನೀಡಿಕೊಂಡಿತ್ತು, ಕಣ್ಣು ಅರ್ಧ ತೆರೆದಿತ್ತು, ಅಲುಗಾಟವಿಲ್ಲ. ಸತ್ತಿತೆಂದು ಟವೆಲ್ಲು ಹೊದಿಸಿದೆ. ಆಮೇಲೆ ಹೊಳೆಯಿತು, ಈ ಸಾವಿನ ಸುದ್ದಿಯನ್ನು ಒಳಗೆ ತಿಳಿಸುವುದು ಯಾರ ಮೂಲಕ? ತಿಳಿಸುವವರೇ ಸತ್ತಿದ್ದಾರೆ. ಬೇರೆ ದಾರಿ ಕಾಣದೆ, ಕ್ಯಾಲೆಂಡರಿನ ಕೆಳಗೆ ನಿಂತಿದ್ದ ಬಿಳಿ ಮೊಲವನ್ನು ಎತ್ತಿ ಪರದೆಯ ಹತ್ತಿರ ಕೂರಿಸಿ, ಕೈ ಮುಗಿದು ಹೇಳಿದೆ.

"ಒಳಗ ಹೇಳ್ರಿ... ಗಟ್ಟಿ ಮನಸ್ಸ ಮಾಡ್ಕೋರಿ ಅಂತ ಹೇಳ್ರಿ... ಬೂದಿಯವ್ರು ಹೋದ್ರು."

ಪರದೆಯ ಅಂಚು ಒಂದು ಬೆರಳಿನಷ್ಟು ಸರಿಯಿತು. ಆಮೇಲೆ ಅತ್ತೆಯವರು ನಕ್ಕರು. ಮೊದಲು ಸೆರಗು ಬಾಯಿಗೆ ಒತ್ತಿಕೊಂಡ ನಗು, ಆಮೇಲೆ ತಡೆಯಲಾಗದೆ ಹೊರಬಿದ್ದ ನಗು.

"ಬಿಳೀ, ಮಾಲಕ್ರಿಗಿ ಹೇಳು. ಹೊಟ್ಟಿ ತುಂಬಿದ್ರ, ಮನಸ್ಸು ಆರಾಮ ಇದ್ರ, ಇವು ಹಿಂಗೇ ಬೀಳ್ತಾವ. ಹೆದರಕಿ ಇದ್ದಲ್ಲಿ ಬೀಳಂಗಿಲ್ಲ. ಈ ಮನಿ ತನ್ನದು ಅಂತ ಬಿದ್ದದ ಅಂತ ಹೇಳು."

ಟವೆಲ್ಲಿನ ಕೆಳಗಿನಿಂದ ಬೂದಿ ಮೊಲ ಎದ್ದು, ಟವೆಲ್ಲಿನ ಅಂಚು ತಿನ್ನತೊಡಗಿತು.

ಇಷ್ಟೆಲ್ಲ ಚೆನ್ನಾಗಿದ್ದಾಗ ನಾನು ಕೆಡಿಸಿದೆ. ಒಂದು ಬೆಳಿಗ್ಗೆ ನಿಲ್ದಾಣದಲ್ಲಿ ನನ್ನ ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಪಾಳಿ ಬದಲಾಗಿದೆ ಎಂದು ಹೇಳಲು ಮನೆಗೆ ಬಂದ. ಬಾಗಿಲು ಬಡಿಯುವ ಮೊದಲು ಕಿಟಕಿಯಲ್ಲಿ ಇಣುಕಿದ್ದಾನೆ. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೂದಿ ಮೊಲದ ಎದುರು ಕೈಕಟ್ಟಿ ಕೂತು, "ಅದು ನಿಮ್ಮ ಮರ್ಜಿ ರೀ, ನೀವು ಹ್ಯಾಂಗ ಅಂತೀರಿ ಹಾಂಗ," ಎನ್ನುತ್ತಿದ್ದೆ. ಪರದೆಯ ಹಿಂದಿನವರು ಅವನಿಗೆ ಕಾಣಲಿಲ್ಲ. ಅವನು ಬಾಗಿಲು ಬಡಿಯದೆ ಹಿಂದಿರುಗಿದ.

ಮಧ್ಯಾಹ್ನದ ಹೊತ್ತಿಗೆ ಇಡೀ ನಿಲ್ದಾಣಕ್ಕೆ ಗೊತ್ತಾಗಿತ್ತು.

"ಅಣ್ಣಾ, ಮನ್ಯಾಗ ಮೊಲದ ಮುಂದ ಇಷ್ಟ ಮೆತ್ತಗ ಇರ್ತೀದಿ, ನಮ್ಮ ಮುಂದ ಯಾಕ ಬೈತೀದಿ?"

"ಏ, ಅವ್ರ ಮನ್ಯಾಗ ಮೊಲಾನೇ ಯಜಮಾನ ಅದ. ರಜಾ ಬೇಕಂದ್ರ ಅದಕ್ಕ ಅರ್ಜಿ ಕೊಡ್ತಾನ."

ನಾನು ಮೈಕು ಹಿಡಿದರೆ ಡ್ರೈವರುಗಳು ಎರಡು ಬೆರಳು ತಲೆಯ ಮೇಲೆ ಕಿವಿಯಂತೆ ಇಟ್ಟು ನಿಲ್ಲುತ್ತಿದ್ದರು. ಒಬ್ಬ ಪ್ರಯಾಣಿಕ ಬಂದು ಭಾಲ್ಕಿ ಬಸ್ಸು ಯಾವಾಗ ಎಂದು ಕೇಳಿದ. ಹಿಂದಿನಿಂದ ಯಾರೋ, "ಮೊಲಕ್ಕ ಕೇಳಿ ಹೇಳ್ತಾರ, ತಡಿ," ಎಂದರು. ನಿಜ ಹೇಳಬಹುದಿತ್ತು. ನಮ್ಮ ಅತ್ತೆಯೊಂದಿಗೆ ಮಾತಾಡುತ್ತಿದ್ದೆ ಎಂದಿದ್ದರೆ ಅವರಲ್ಲಿ ಅರ್ಧ ಜನ ತಮ್ಮ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬಂತು, ಆ ಸಿಟ್ಟು ಹೋಗಿ ಮೊಲಗಳ ಮೇಲೆ ಕೂತಿತು.

ಔರಾದದಲ್ಲಿ ಅತ್ತೆಯ ತಂಗಿಯ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರ ಬಂತು. ತಾಯಿ ಮಗಳು ಇಬ್ಬರೂ ಹೊರಟರು. ಹೊರಡುವಾಗ ಪರದೆಯ ಹಿಂದಿನಿಂದ ಬೂದಿ ಮೊಲಕ್ಕೆ ಅಪ್ಪಣೆಯಾಯಿತು.

"ತಂಗಿ, ನಾಳಿ ಸಂಜಿಗಿ ಬರ್ತೇನಿ. ಮಾಲಕ್ರಿಗಿ ಹೇಳು, ನೀರಿನ ಬಟ್ಟಲಾ ಕೆಡವಿದ್ರ ಬೈಬ್ಯಾಡ್ರಿ ಅಂತ."

ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎರಡನ್ನೂ ಅವು ಬಂದಿದ್ದ ಬುಟ್ಟಿಯಲ್ಲೇ ಕೂರಿಸಿ ಭಾಲ್ಕಿಯ ಬಸ್ಸು ಹತ್ತಿದೆ. ಅಲ್ಲಿ ನನ್ನ ಸಾಲೆಯ ಗೆಳೆಯ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದ.

"ಏನಲೇ ಇದು? ಮೊಲಾನೋ, ಮೊಲದ ಅಪ್ಪನೋ?"

"ಇಟ್ಕೋ. ನಮ್ಮಲ್ಲಿ ಜಾಗಾ ಸಾಲವಲ್ಲದು."

"ತಿನ್ನಾಕೋ, ಸಾಕಾಕೋ?"

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಬರೆಯಬೇಕು, ಇಲ್ಲದಿದ್ದರೆ ಬರೆದು ಪ್ರಯೋಜನವಿಲ್ಲ. "ನಿನ್ನ ಮರ್ಜಿ," ಎಂದೆ. ತಿರುಗುವ ಬಸ್ಸು ಹಿಡಿದು ಬಂದುಬಿಟ್ಟೆ.

ಸಂಜೆ ಅವರು ಬಂದಾಗ ನಾನು ಹಿತ್ತಲ ಬಾಗಿಲು ತೆರೆದಿಟ್ಟು, ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಹೆಂಡತಿಗೆ ಹೇಳಿದೆ, ಒಳಗೆ ಕೇಳಿಸುವಂತೆ. ಹಿತ್ತಲ ಬಾಗಿಲ ಚಿಲಕ ಹಾಕಿರಲಿಲ್ಲ, ನಿನ್ನೆ ನಾನು ಡ್ಯೂಟಿಗೆ ಹೋಗಿ ಬರುವಷ್ಟರಲ್ಲಿ ಮೊಲಗಳು ಇಲ್ಲ, ಓಣಿಯಲ್ಲಿ ನಾಯಿ ಬೊಗಳುತ್ತಿದ್ದವು ಎಂದೆ. ಹೊರಡುವ ಮೊದಲು ಕೊನೆಯ ಸಲ ಹಿತ್ತಲಿಗೆ ಹೋಗಿ ತಟ್ಟೆಯ ಬೂದಿ ಚೆಲ್ಲಿ ಬಂದವರು ಅತ್ತೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಬಾಗಿಲು ಆರಿಸಿದ್ದೆ.

ಅತ್ತೆಯವರು ಸೀರೆ ಕೂಡ ಬದಲಿಸದೆ, ಆ ಮೊಣಕಾಲು ಎಳೆದುಕೊಂಡು ಓಣಿಗೆ ಇಳಿದರು. ಪ್ರತಿ ಮನೆಯ ಕಟ್ಟೆಯ ಕೆಳಗೆ ಬಗ್ಗಿ, "ತಂಗೀ, ಏ ತಂಗೀ," ಎಂದು ಕರೆದರು. ನಾಲ್ಕು ಮನೆಯ ಹೆಣ್ಣುಮಕ್ಕಳು ತಮ್ಮನ್ನೇ ಕರೆದರೆಂದು ಹೊರಗೆ ಬಂದು, "ಏನವ್ವಾ?" ಎಂದರು. ಆಮೇಲೆ ಅವರೂ ಹುಡುಕಿದರು. ಅರ್ಧ ಮೈಲೂರು ಚರಂಡಿಗೆ ಬಗ್ಗಿ ತಂಗೀ ಎನ್ನುತ್ತಿತ್ತು. ನಾನೂ ಅವರ ಜೊತೆ ಬಗ್ಗಿದೆ. ಆ ಸಂಜೆ ನಾನು ಎಷ್ಟು ಚೆನ್ನಾಗಿ ಹುಡುಕಿದೆನೆಂದರೆ ಓಣಿಯವರು ಮೆಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಹೆಂಡತಿ ಅಂಗನವಾಡಿಗೆ ಹೋದ ಮೇಲೆ ಪರದೆ ಸರಿಯಿತು. ಕೆಮ್ಮಲಿಲ್ಲ, ಬಳೆ ಆಡಿಸಲಿಲ್ಲ. ಅತ್ತೆಯವರು ಹೊರಕೋಣೆಗೆ ಬಂದು ನನ್ನ ಎದುರು ನಿಂತರು. ಸೆರಗು ತಲೆಯ ಮೇಲಿತ್ತು, ಮುಖದ ಮೇಲಿರಲಿಲ್ಲ. ನನ್ನ ಹೆಂಡತಿಯದೇ ಹುಬ್ಬು, ಅದೇ ಮೂಗು. ಮೊದಲ ಸಲ ನೋಡಿದೆ.

"ಅಳಿಯಂದ್ರ, ತಪ್ಪು ನಂದು ಅದ. ಚಿಲಕಾ ಹಾಕಿದ್ನಿ ಅಂತ ಅನಸ್ತದ, ಖರೇ ಹಾಕಿಲ್ಲ ಕಾಣ್ತದ. ವಯಸ್ಸಾತು. ನೀವು ಮಾರ್ಕೆಟ್ಟಿನ್ಯಾಗ ಎಲಿ ಆರಿಸಿ ತಂದು ಸಾಕಿದ್ರಿ. ನಿಮ್ಮ ಶ್ರಮಾ ಹಾಳ ಮಾಡಿದ್ನಿ. ಹೊಟ್ಟ್ಯಾಗ ಹಾಕ್ಕೋರಿ."

ಒಬ್ಬ ಅತ್ತೆ ಅಳಿಯನ ಎದುರು ಬಂದು ನಿಂತು ಮಾತಾಡುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ಮಾಡಿದ ತಪ್ಪಿಗೆ ಅವರು ನನ್ನ ಕ್ಷಮೆ ಕೇಳಿದರು. ನಾನು ನೆಲ ನೋಡುತ್ತ, "ಇರ್ಲಿ ಬಿಡ್ರಿ," ಎಂದೆ. ಕ್ಷಮಿಸಿಬಿಟ್ಟೆ.

ಅವರು ಒಳಗೆ ಹೋಗಿ ಗಂಟು ಕಟ್ಟತೊಡಗಿದ್ದು ಕೇಳಿತು.

ನಾನು ಓಡಿದೆ. ಪಾಳಿ ಶುರುವಾಗಲು ಹೊತ್ತಿತ್ತು. ಭಾಲ್ಕಿಗೆ ಹೋಗುವ ದಾರಿಯುದ್ದಕ್ಕೂ ಮೊಲಗಳು ತಾವೇ ಹೇಗೆ ತಿರುಗಿ ಬಂದವು ಎಂಬ ಕತೆ ಕಟ್ಟಿದೆ. ಒಂದರಲ್ಲಿ ಪೋಲೀಸರು ಇದ್ದರು. ಒಂದರಲ್ಲಿ ನಾನೇ ನಾಯಿಗಳೊಂದಿಗೆ ಹೊಡೆದಾಡಿದ್ದೆ. ಅವು ಇನ್ನೂ ಬದುಕಿರಲಿ ಎಂದು ಬೇಡಿಕೊಂಡೆ, ಅಷ್ಟರ ಮಟ್ಟಿಗೆ ಒಳ್ಳೆಯವನಾಗಿದ್ದೆ.

ಬದುಕಿದ್ದವು. ಗೆಳೆಯನ ಮನೆಯ ನಡುಕೋಣೆಯಲ್ಲಿ ಹೊಸ ಕೌದಿಯ ಮೇಲೆ ಎರಡೂ ಪಕ್ಕಕ್ಕೆ ಬಿದ್ದು ಕಾಲು ನೀಡಿಕೊಂಡಿದ್ದವು. ಗೆಳೆಯನ ಹೆಂಡತಿ ಬೀಸಣಿಕೆ ಹಿಡಿದು ಗಾಳಿ ಹಾಕುತ್ತಿದ್ದಳು.

"ವಾಪಸ್ ಬೇಕಾಗ್ಯಾವ," ಎಂದೆ.

"ಏನ್ ಮಾತಾಡ್ತೀರಿ ಅಣ್ಣಾರ," ಎಂದಳು ಆಕೆ. "ಕೊಟ್ಟ ಹೆಣ್ಣ ಯಾರರ ತಿರಗಿ ಕರಕೊಂಡು ಹೋಗ್ತಾರೇನ್ರಿ? ಬೇಕಾದ್ರ ಹಬ್ಬಕ್ಕ ಬಂದು ನೋಡಿ ಹೋಗ್ರಿ."

"ನಮ್ಮ ಅತ್ತಿಯವ್ರ ಮೊಲಾ ಅವು."

"ಹೌದೇನು? ಹಂಗಾರ ಅವ್ರೇ ಬರಲಿ. ಒಂದ ಮಾತು ಕೇಳ್ಲಿ, ಇಲ್ಲ ಅನ್ನಂಗಿಲ್ಲ. ಅವ್ರಿಗಿ ಕೇಳದ ಕೊಟ್ರೇನು ನೀವು?"

ಗೆಳೆಯ ನನ್ನ ಮುಖ ನೋಡಿ ಮೆಲ್ಲಗೆ, "ಹೋಗಿ ಖರೇ ಹೇಳಲೇ. ಸಂಜಿಗಿ ನಾನೇ ಬುಟ್ಟಿ ಹೊತ್ತ ಬರ್ತೇನಿ," ಎಂದ. ಅಷ್ಟು ಸುಲಭವಿತ್ತು. ಒಂದು ಮಾತು ಹೇಳಿದ್ದರೆ ಸಂಜೆಗೆ ಮೊಲಗಳು ಮನೆಗೆ, ಅತ್ತೆಯವರು ಮನೆಯಲ್ಲಿ.

ಬೀದರಿಗೆ ಬಂದು ಕಿಟಕಿಯ ಹಿಂದೆ ಕೂತಾಗ ಎದುರಿಗೇ ತಾಯಿ ಮಗಳು ನಿಂತಿದ್ದರು. ಅತ್ತೆಯವರ ತಲೆಯ ಮೇಲೆ ಗಂಟು. ಮೊಲ ಇಲ್ಲದ ಮೇಲೆ ಮಗಳ ಮನೆಯಲ್ಲಿ ಇರುವ ಕಾರಣ ಮುಗಿಯಿತು, ಕುರಿ ಇದ್ದಲ್ಲಿಗೆ ಹೋಗುತ್ತೇನೆ ಎಂದರಂತೆ. ಹೆಂಡತಿ ಕೈ ಹಿಡಿದು ಎಳೆದರೂ ಕೇಳಲಿಲ್ಲವಂತೆ. ಉದಗೀರದ ಬಸ್ಸು ಬಂತು. ಕೂಗಬೇಕಾದವನು ನಾನೇ. ಮೈಕು ಹಿಡಿದೆ. ಬಸ್ಸು ಭಾಲ್ಕಿಯ ಮೇಲೆ ಹೋಗುತ್ತದೆ ಎಂದೆ, ಸೀಟು ಇವೆ, ಜಗಳಾಡದೆ ಹತ್ತಿರಿ ಎಂದೆ. ಮತ್ತೇನೂ ಹೇಳಲಿಲ್ಲ. ಭಾಲ್ಕಿಯಲ್ಲಿ ಆ ಬಸ್ಸು ನಿಲ್ಲುವ ಜಾಗದಿಂದ ಗೆಳೆಯನ ಗಿರಣಿ ಕಾಣುತ್ತದೆ.

ರಾತ್ರಿ ಊಟಕ್ಕೆ ಬಡಿಸುವಾಗ ಹೆಂಡತಿ ಕೇಳಿದಳು.

"ಮೊಲಾ ಓಡಿ ಹೋದ್ವು, ಸರಿ. ಬುಟ್ಟಿ ಎಲ್ಲಿ ಹೋತ್ರಿ? ಬುಟ್ಟಿ ಹೊತ್ಕೊಂಡು ಓಡಿ ಹೋದ್ವೇನು?"

ಬುಟ್ಟಿಯನ್ನು ನಾನು ಮರೆತಿದ್ದೆ. ಎಲ್ಲವನ್ನೂ ಹೇಳಿದೆ, ಅಳುತ್ತ ತಪ್ಪಾಯಿತು ಎಂದೆ. ಅವಳು ಬಡಿಸುವ ಸೌಟು ಕೆಳಗಿಟ್ಟಳು.

"ನನ್ನ ಮುಂದ ಅಳಬ್ಯಾಡ್ರಿ. ತಪ್ಪು ನಂದು ಅಂತ ಅಕಿ ಹೊತ್ಕೊಂಡು ಹೋಗ್ಯಾಳ. ಅಕಿಗಿ ಹೇಳ್ರಿ. ನಾ ಹೇಳಂಗಿಲ್ಲ. ನಾ ಹೇಳಿದ್ರ ಅದು ಚಾಡಿ ಆಗ್ತದ, ನೀವು ಹೇಳಿದ್ರ ಮಾತು ಆಗ್ತದ."

ಮಳೆಗಾಲ ಬಂದು ಕುರಿ ಸಂತಪುರಕ್ಕೆ ತಿರುಗುವವರೆಗೆ ಅತ್ತೆಯವರು ಆ ಮೊಣಕಾಲಿನಲ್ಲೇ ಕುರಿಯ ಹಿಂದೆ ನಡೆದರು. ಆಮೇಲೆ ಕೋಲಿಲ್ಲದೆ ನಡೆಯಲಾಗಲಿಲ್ಲ. ಮೊಲಗಳು ಭಾಲ್ಕಿಯಲ್ಲಿ ಬಹಳ ವರ್ಷ ಬಾಳಿದವು, ಗಿರಣಿಯ ಹಿಟ್ಟು ಮೆತ್ತಿ ಕೊನೆಗೆ ಎರಡೂ ಬೆಳ್ಳಗೇ ಕಾಣುತ್ತಿದ್ದವು ಎಂದು ಗೆಳೆಯ ಹೇಳುತ್ತಿದ್ದ.

ಹಬ್ಬಕ್ಕೆ ನಾವು ಸಂತಪುರಕ್ಕೆ ಹೋಗುತ್ತಿದ್ದೆವು. ಅತ್ತೆಯವರು ಮತ್ತೆ ಬಾಗಿಲ ಹಿಂದೆ. ಮಗಳ ಕೈಯಲ್ಲಿ ನನಗೆ ಹೋಳಿಗೆ ಕಳಿಸುತ್ತಿದ್ದರು, ತುಪ್ಪ ಇನ್ನಷ್ಟು ಹಾಕು ಎಂದು ಒಳಗಿನಿಂದ ಹೇಳುತ್ತಿದ್ದರು. ಬಾಗಿಲಿಗೂ ನನಗೂ ನಡುವೆ ಅಂಗಳ ಅಷ್ಟೇ ಇತ್ತು. ಪ್ರತಿ ಸಲ ಈ ಸಲ ಹೇಳುತ್ತೇನೆ ಎಂದು ಹೋಗುತ್ತಿದ್ದೆ. ಪ್ರತಿ ಸಲ ಅಳಿಯ ಅತ್ತೆಯ ಎದುರು ಮಾತಾಡುವುದು ಚೆಂದವಲ್ಲ ಎಂದು ಉಂಡು ಎದ್ದು ಬರುತ್ತಿದ್ದೆ. ತಪ್ಪೊಪ್ಪಿಕೊಳ್ಳದಿರಲು ಅಷ್ಟು ಗೌರವದ ಕಾರಣ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಅವರಿಗೆ ಮಾತ್ರ ಆ ರೀತಿ ದಾಟಿ ಬಂದು ನನ್ನ ಮುಂದೆ ನಿಲ್ಲಲು ಒಂದು ರಾತ್ರಿ ಸಾಕಾಗಿತ್ತು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ನಿವೃತ್ತನಾಗಿದ್ದೆ. ಹೋಗಿ ಕಾಲು ಮುಟ್ಟಿ ಬಂದೆ. ಸುತ್ತ ಜನ ಬಹಳ ಇದ್ದರು.

ಹೆಂಡತಿಗೆ ತಪ್ಪಾಯಿತು ಎಂದಿದ್ದೇನೆ. ಗೆಳೆಯನಿಗೆ, ಅವನ ಹೆಂಡತಿಗೆ ಎಂದಿದ್ದೇನೆ. ಕಿಟಕಿಯಲ್ಲಿ ಇಣುಕಿದವನಿಗೂ, ಆಮೇಲೆ ಸುಮ್ಮನೆ ಬೈದದ್ದಕ್ಕೆ, ಎಂದಿದ್ದೇನೆ. ಎನ್ನದೆ ಉಳಿದದ್ದು ಒಬ್ಬರಿಗೆ. ಎದುರಿಗೆ ನಿಂತು ನಾನು ಅವರನ್ನು ಒಮ್ಮೆಯೂ ಕರೆಯಲಿಲ್ಲ, ಹಾಗಾಗಿ ಇಲ್ಲಿ ಕರೆಯುತ್ತೇನೆ. ಅತ್ತಿಯವ್ರೇ.